ಇಮೇಜಿಂಗ್ ತಂತ್ರಜ್ಞಾನದ ಪೇಟೆಂಟುಗಳಲ್ಲಿ ಸ್ವಯಂವೇದ್ಯತೆ

ಸ್ವಯಂವೇದ್ಯತೆ ಎಂಬುದು ಪೇಟೆಂಟ್ ಕಾನೂನಿನಲ್ಲಿ ಬಳಕೆಯಲ್ಲಿರುವ ಒಂದು ಪರೀಕ್ಷೆ. ಆವಿಷ್ಕಾರವೆಂದು ಹೇಳಲಾದ ಸಾಧನ ಅಥವಾ ವಿಧಾನವು, ಆ ಕ್ಷೇತ್ರದಲ್ಲಿ ಸಾಮಾನ್ಯ ಪರಿಣತಿಯುಳ್ಳ ವ್ಯಕ್ತಿಗೆ, ಅಂದು ಲಭ್ಯವಿದ್ದ ತಿಳಿವಳಿಕೆಯ ಬಲದಿಂದಲೇ ಹೊಳೆಯುವಂತಹದಾಗಿತ್ತೇ ಎಂದು ಈ ಪರೀಕ್ಷೆ ವಿಚಾರಿಸುತ್ತದೆ. ಹೊಳೆಯುವಂತಿತ್ತು ಎಂದಾದರೆ ಅದು ಸ್ವಯಂವೇದ್ಯ. ಅದಕ್ಕೆ ಪೇಟೆಂಟ್ ದೊರೆಯುವುದಿಲ್ಲ, ದೊರೆತಿದ್ದರೂ ರದ್ದಾಗಬಹುದು. ಹೊಳೆಯುವಂತಿರಲಿಲ್ಲ ಎಂದಾದರೆ ಅದರಲ್ಲಿ ‘ಆವಿಷ್ಕಾರಕ ಹೆಜ್ಜೆ’ ಇದೆ ಎನ್ನಲಾಗುತ್ತದೆ.

ಕ್ಯಾಮೆರಾ, ಎಕ್ಸ್-ರೇ, ಸಿ.ಟಿ. ಸ್ಕ್ಯಾನ್, ಅಲ್ಟ್ರಾಸೌಂಡ್, ಕಣ್ಣಿನ ಅಕ್ಷಿಪಟಲದ ಚಿತ್ರಣ ಮೊದಲಾದ ಇಮೇಜಿಂಗ್ ತಂತ್ರಜ್ಞಾನಗಳಲ್ಲಿ ಈ ಪರೀಕ್ಷೆ ವಿಶೇಷವಾಗಿ ಕಠಿಣವಾಗುತ್ತದೆ. ಇಲ್ಲಿನ ಹೊಸ ಸಾಧನಗಳಲ್ಲಿ ಹೆಚ್ಚಿನವು ಮಸೂರ, ಬೆಳಕಿನ ಮೂಲ, ಸಂವೇದಕ ಮತ್ತು ಗಣಕದ ಲೆಕ್ಕಾಚಾರ ಎಂಬ ಹಳೆಯ ಅಂಗಗಳ ಹೊಸ ಜೋಡಣೆಗಳು. ಯಾವ ಜೋಡಣೆ ಕೇವಲ ಕೈಚಳಕ, ಯಾವುದು ನಿಜವಾದ ಆವಿಷ್ಕಾರ ಎಂಬುದನ್ನು ಬೇರ್ಪಡಿಸುವುದೇ ಪರೀಕ್ಷೆಯ ಉದ್ದೇಶ.

ಮಹತ್ವ

ಭಾರತದಲ್ಲಿ ಪೇಟೆಂಟಿನ ಅವಧಿ ಅರ್ಜಿ ಸಲ್ಲಿಸಿದ ದಿನದಿಂದ 20 ವರ್ಷ. ಅಷ್ಟು ಕಾಲ ಆ ಸಾಧನವನ್ನು ತಯಾರಿಸುವ, ಮಾರುವ, ಬಳಸುವ ಹಕ್ಕು ಪೇಟೆಂಟುದಾರನ ಹಿಡಿತದಲ್ಲಿರುತ್ತದೆ. ಪರೀಕ್ಷೆ ತೀರ ಸಡಿಲವಾದರೆ, ಯಾವ ಕುಶಲ ತಂತ್ರಜ್ಞನೂ ಮಾಡಬಹುದಾಗಿದ್ದ ಸಣ್ಣ ಮಾರ್ಪಾಡಿಗೂ 20 ವರ್ಷಗಳ ಬೇಲಿ ಬೀಳುತ್ತದೆ. ಇತರ ತಯಾರಕರು ಹಿಂಜರಿದು, ಉಪಕರಣದ ಬೆಲೆ ಇಳಿಯದೆ ಉಳಿಯುತ್ತದೆ. ಪರೀಕ್ಷೆ ತೀರ ಬಿಗಿಯಾದರೆ, ವರ್ಷಗಟ್ಟಲೆ ಪ್ರಯೋಗ ನಡೆಸಿದ ಸಣ್ಣ ಸಂಸ್ಥೆಯ ಶ್ರಮವನ್ನು ದೊಡ್ಡ ಸಂಸ್ಥೆ ಮರುದಿನವೇ ನಕಲು ಮಾಡಬಹುದು.

ಕರ್ನಾಟಕದ ನೇತ್ರ ಆರೋಗ್ಯ ಸೇವೆಯಲ್ಲಿ ಈ ಎರಡೂ ಕಾಳಜಿಗಳು ಎದುರಾಗುತ್ತವೆ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಅಕ್ಷಿಪಟಲದ ರೋಗವನ್ನು ಪತ್ತೆಹಚ್ಚಲು ಬೆಂಗಳೂರಿನ ನಾರಾಯಣ ನೇತ್ರಾಲಯವು 2008ರಲ್ಲಿ ಕೆ-ಐಡ್ರಾಪ್ ಎಂಬ ಕಾರ್ಯಕ್ರಮವನ್ನು ಆರಂಭಿಸಿತು. ತರಬೇತಿ ಪಡೆದ ತಂತ್ರಜ್ಞರು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೆ ಕ್ಯಾಮೆರಾ ಒಯ್ದು ಚಿತ್ರ ತೆಗೆಯುವುದು, ದೂರದಲ್ಲಿರುವ ತಜ್ಞರು ಅಂತರಜಾಲದ ಮೂಲಕ ಅವನ್ನು ನೋಡಿ ಸಲಹೆ ನೀಡುವುದು ಇದರ ಕ್ರಮ. 2010ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಫೋರಸ್ ಹೆಲ್ತ್ ಸಂಸ್ಥೆಯು ‘3ನೇತ್ರ’ ಎಂಬ, ಸುಲಭವಾಗಿ ಸಾಗಿಸಬಹುದಾದ ಕಣ್ಣಿನ ತಪಾಸಣಾ ಉಪಕರಣವನ್ನು ರೂಪಿಸಿತು. ಮಧುಮೇಹದಿಂದ ಅಕ್ಷಿಪಟಲಕ್ಕಾಗುವ ಹಾನಿ ಆರಂಭದಲ್ಲಿ ರೋಗಿಯ ಅರಿವಿಗೇ ಬಾರದಿರುವುದರಿಂದ, ಇಂತಹ ಉಪಕರಣಗಳು ತಾಲ್ಲೂಕು ಮಟ್ಟಕ್ಕೆ ತಲಪುವುದು ದೃಷ್ಟಿಯನ್ನು ಉಳಿಸುವ ಪ್ರಶ್ನೆಯಾಗಿದೆ.

ಭಾರತದ ಕಾನೂನು

1970ರ ಪೇಟೆಂಟ್ ಅಧಿನಿಯಮದ ಪ್ರಕಾರ ಆವಿಷ್ಕಾರವು ಹೊಸದಾಗಿರಬೇಕು, ಆವಿಷ್ಕಾರಕ ಹೆಜ್ಜೆಯನ್ನು ಒಳಗೊಂಡಿರಬೇಕು ಮತ್ತು ಕೈಗಾರಿಕೆಯಲ್ಲಿ ಬಳಕೆಗೆ ಯೋಗ್ಯವಾಗಿರಬೇಕು. ಹೊಸತನ ಮತ್ತು ಆವಿಷ್ಕಾರಕ ಹೆಜ್ಜೆ ಎರಡು ಬೇರೆ ಬೇರೆ ಪ್ರಶ್ನೆಗಳು. ಕೋರಿಕೆಯಲ್ಲಿರುವ ಎಲ್ಲ ಅಂಶಗಳೂ ಒಂದೇ ಹಳೆಯ ದಾಖಲೆಯಲ್ಲಿ ಕಂಡುಬಂದರೆ ಹೊಸತನವೇ ಇಲ್ಲ. ಅಂಶಗಳು ಬೇರೆ ಬೇರೆ ದಾಖಲೆಗಳಲ್ಲಿ ಚದುರಿದ್ದರೆ ಹೊಸತನ ಉಳಿಯುತ್ತದೆ. ಆಗ ಅವುಗಳನ್ನು ಒಟ್ಟುಗೂಡಿಸುವುದು ಸ್ವಯಂವೇದ್ಯವಾಗಿತ್ತೇ ಎಂಬ ಪ್ರಶ್ನೆ ಹುಟ್ಟುತ್ತದೆ.

ಆವಿಷ್ಕಾರಕ ಹೆಜ್ಜೆಯ ವ್ಯಾಖ್ಯೆ ಅಧಿನಿಯಮದ 2(1)(ಜೆಎ) ವಿಧಿಯಲ್ಲಿದೆ. 2002ರ ತಿದ್ದುಪಡಿಯಿಂದ ಬಂದ ಈ ವಿಧಿಯನ್ನು 2005ರ ತಿದ್ದುಪಡಿ ಈಗಿನ ರೂಪಕ್ಕೆ ತಂದಿತು. ಅದರಂತೆ ಎರಡು ಸಂಗತಿಗಳು ಬೇಕು. ಮೊದಲನೆಯದಾಗಿ, ಈಗಾಗಲೇ ಇರುವ ಜ್ಞಾನಕ್ಕೆ ಹೋಲಿಸಿದರೆ ಆವಿಷ್ಕಾರದಲ್ಲಿ ತಾಂತ್ರಿಕ ಮುನ್ನಡೆ ಅಥವಾ ಆರ್ಥಿಕ ಮಹತ್ವ ಅಥವಾ ಎರಡೂ ಇರಬೇಕು. ಎರಡನೆಯದಾಗಿ, ಆ ಅಂಶದಿಂದಾಗಿ ಆವಿಷ್ಕಾರವು ನುರಿತ ವ್ಯಕ್ತಿಗೆ ಸ್ವಯಂವೇದ್ಯವಲ್ಲದ್ದಾಗಿರಬೇಕು. ಅಗ್ಗವಾಗಿದೆ ಎಂಬುದೊಂದರಿಂದಲೇ ಪೇಟೆಂಟ್ ಸಿಗುವುದಿಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಕಾನೂನಿನ 3ನೇ ವಿಧಿಯು ಕೆಲವು ಸಂಗತಿಗಳನ್ನು ಪೇಟೆಂಟಿನಿಂದಲೇ ಹೊರಗಿಟ್ಟಿದೆ. ತಿಳಿದ ಸಾಧನಗಳನ್ನು ಪಕ್ಕಪಕ್ಕದಲ್ಲಿಟ್ಟು, ಪ್ರತಿಯೊಂದೂ ತನ್ನ ಹಳೆಯ ಕೆಲಸವನ್ನು ಸ್ವತಂತ್ರವಾಗಿ ಮಾಡುತ್ತಿದ್ದರೆ ಅದು ಆವಿಷ್ಕಾರವಲ್ಲ ಎನ್ನುತ್ತದೆ 3(ಎಫ್). ಮನುಷ್ಯರ ರೋಗಪತ್ತೆಯ ವಿಧಾನಗಳನ್ನು 3(ಐ), ಗಣಕದ ಪ್ರೋಗ್ರಾಮನ್ನು ಅದರಷ್ಟಕ್ಕೇ ಹಾಗೂ ಆಲ್ಗಾರಿದಮ್‌ಗಳನ್ನು 3(ಕೆ) ಹೊರಗಿಡುತ್ತವೆ. ಇಮೇಜಿಂಗ್ ಅರ್ಜಿಗಳಿಗೆ ಈ ಆಕ್ಷೇಪಗಳು ಆಗಾಗ ಬರುವುದುಂಟು. ಆದರೆ ಅವು ಸ್ವಯಂವೇದ್ಯತೆಯಿಂದ ಬೇರೆಯಾದ ಅಡೆತಡೆಗಳು. ಒಂದನ್ನು ದಾಟಿದವರು ಇನ್ನೊಂದನ್ನೂ ದಾಟಬೇಕಾಗುತ್ತದೆ.

ಪರೀಕ್ಷೆಯ ಅಂಗಗಳು

ಆದ್ಯತಾ ದಿನಾಂಕ: ಸಾಮಾನ್ಯವಾಗಿ ಮೊದಲ ಅರ್ಜಿ ಸಲ್ಲಿಕೆಯಾದ ದಿನ. ಆ ದಿನಕ್ಕೆ ಮುಂಚೆ ಏನು ತಿಳಿದಿತ್ತು ಎಂಬುದಷ್ಟೇ ಮುಖ್ಯ. ನಂತರ ಪ್ರಕಟವಾದುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ.

ಪೂರ್ವಜ್ಞಾನ: ಆದ್ಯತಾ ದಿನಾಂಕಕ್ಕೆ ಮುಂಚೆ ಭಾರತದಲ್ಲಾಗಲಿ ಬೇರೆಲ್ಲಾಗಲಿ ಪ್ರಕಟವಾದ ಪೇಟೆಂಟುಗಳು, ಲೇಖನಗಳು, ಪುಸ್ತಕಗಳು, ಸಾರ್ವಜನಿಕರಿಗೆ ಲಭ್ಯವಿದ್ದ ಪ್ರೌಢಪ್ರಬಂಧಗಳು ಇದರಲ್ಲಿ ಸೇರುತ್ತವೆ. ಭಾಷೆ ಯಾವುದಾದರೂ ಆಗಬಹುದು. ಭಾರತದಲ್ಲಿ ಬಹಿರಂಗವಾಗಿ ಬಳಕೆಯಲ್ಲಿದ್ದುದೂ ಪೂರ್ವಜ್ಞಾನವೇ, ಅದು ಅಚ್ಚಾಗಿರಬೇಕೆಂದಿಲ್ಲ.

ನುರಿತ ವ್ಯಕ್ತಿ: ಇವನು ಕಾನೂನು ಕಲ್ಪಿಸಿಕೊಂಡ ವ್ಯಕ್ತಿ. ತನ್ನ ಕ್ಷೇತ್ರದ ಸಾಮಾನ್ಯ ಜ್ಞಾನವೆಲ್ಲ ಇವನಿಗೆ ಗೊತ್ತು, ಕೈ ಪಳಗಿದೆ, ಆದರೆ ಅಸಾಧಾರಣ ಪ್ರತಿಭೆಯಿಲ್ಲ. ಇಮೇಜಿಂಗ್ ಕ್ಷೇತ್ರದಲ್ಲಿ ಒಬ್ಬನ ಬದಲು ಒಂದು ತಂಡವನ್ನೇ ಕಲ್ಪಿಸಿಕೊಳ್ಳಬೇಕಾಗಬಹುದು. ಅಕ್ಷಿಪಟಲದ ಕ್ಯಾಮೆರಾ ಎಂದರೆ ದೃಗ್ವಿಜ್ಞಾನದ ಎಂಜಿನಿಯರ್, ಎಲೆಕ್ಟ್ರಾನಿಕ್ಸ್ ತಂತ್ರಜ್ಞ, ಚಿತ್ರ ಸಂಸ್ಕರಣೆ ಬಲ್ಲವರು, ನೇತ್ರವೈದ್ಯರು ಕೂಡಿದ ತಂಡ. ಯಾರನ್ನು ಆರಿಸುತ್ತೇವೆ ಎಂಬುದು ತೀರ್ಪನ್ನೇ ಬದಲಿಸಬಲ್ಲದು.

ಹಕ್ಕು ಕೋರಿಕೆ: ಪೇಟೆಂಟ್ ದಾಖಲೆಯ ಕೊನೆಯಲ್ಲಿ ಸಂಖ್ಯೆ ಹಾಕಿ ಬರೆದ ವಾಕ್ಯಗಳು. ಹೊಲಕ್ಕೆ ಚಕ್ಕುಬಂದಿ ಇದ್ದಂತೆ ಇವು ಹಕ್ಕಿನ ಎಲ್ಲೆಯನ್ನು ಗುರುತಿಸುತ್ತವೆ. ಪರೀಕ್ಷೆ ನಡೆಯುವುದು ಪ್ರತಿಯೊಂದು ಕೋರಿಕೆಯ ಮೇಲೆ. ಒಂದು ಬಿದ್ದುಹೋದರೂ ಇನ್ನೊಂದು ಉಳಿಯಬಹುದು.

ಭಾರತದ ಪ್ರಮುಖ ತೀರ್ಪುಗಳು

ಈ ವಿಷಯದಲ್ಲಿ ತಳಹದಿಯಾದ ತೀರ್ಪು ‘ಬಿಶ್ವನಾಥ್ ಪ್ರಸಾದ್ ರಾಧೇಶ್ಯಾಮ್ ವಿರುದ್ಧ ಹಿಂದೂಸ್ತಾನ್ ಮೆಟಲ್ ಇಂಡಸ್ಟ್ರೀಸ್’ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1978ರ ಡಿಸೆಂಬರಿನಲ್ಲಿ ನೀಡಿದ್ದು. ಲೋಹದ ಪಾತ್ರೆಗಳನ್ನು ಲೇತ್‌ಗೆ ಏರಿಸಿ ಕಡೆಯುವಾಗ ಅವನ್ನು ಹಿಡಿದಿಡುವ ಸಾಧನವೊಂದರ ಪೇಟೆಂಟ್ ಅಲ್ಲಿ ವಿವಾದಕ್ಕೊಳಗಾಗಿತ್ತು. ಹಳೆಯದರ ಮೇಲಿನ ಸುಧಾರಣೆಯು ಕೇವಲ ಕಾರ್ಯಾಗಾರದ ಸುಧಾರಣೆಗಿಂತ ಮಿಗಿಲಾಗಿರಬೇಕು. ಹಳೆಯ ಅಂಶಗಳ ಜೋಡಣೆಯಾಗಿದ್ದರೆ ಅದರಿಂದ ಹೊಸ ಫಲವೋ, ಹೊಸ ವಸ್ತುವೋ, ಮೊದಲಿಗಿಂತ ಉತ್ತಮ ಅಥವಾ ಅಗ್ಗದ ವಸ್ತುವೋ ದೊರೆಯಬೇಕು ಮತ್ತು ಅದರ ಹಿಂದೆ ಆವಿಷ್ಕಾರಕ ಬುದ್ಧಿ ಇರಬೇಕು ಎಂದು ನ್ಯಾಯಾಲಯ ಹೇಳಿತು. ಆ ಪೇಟೆಂಟ್ ಉಳಿಯಲಿಲ್ಲ. ತೀರ್ಪು ಬಂದದ್ದು 1911ರ ಹಳೆಯ ಕಾನೂನಿನಡಿಯಾದರೂ, ಅದರ ತತ್ತ್ವವನ್ನು ಇಂದಿಗೂ ಅನುಸರಿಸಲಾಗುತ್ತಿದೆ.

ಔಷಧವೊಂದಕ್ಕೆ ಸಂಬಂಧಿಸಿದ ‘ರೋಶ್ ವಿರುದ್ಧ ಸಿಪ್ಲಾ’ ಪ್ರಕರಣದಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠವು 2015ರಲ್ಲಿ ಐದು ಹಂತಗಳನ್ನು ಗುರುತಿಸಿತು.

1. ನುರಿತ ವ್ಯಕ್ತಿ ಯಾರೆಂದು ನಿರ್ಧರಿಸುವುದು.
2. ಪೇಟೆಂಟಿನ ಆವಿಷ್ಕಾರಕ ತಿರುಳನ್ನು ಗುರುತಿಸುವುದು.
3. ಆದ್ಯತಾ ದಿನಾಂಕದಂದು ಆ ಕ್ಷೇತ್ರದಲ್ಲಿ ಸಾಮಾನ್ಯವಾಗಿ ತಿಳಿದಿದ್ದ ಜ್ಞಾನವನ್ನು ಆ ವ್ಯಕ್ತಿಗೆ ಆರೋಪಿಸುವುದು.
4. ಪೂರ್ವಜ್ಞಾನಕ್ಕೂ ಆವಿಷ್ಕಾರಕ್ಕೂ ಇರುವ ವ್ಯತ್ಯಾಸಗಳನ್ನು ಪಟ್ಟಿಮಾಡುವುದು.
5. ಹಿನ್ನೋಟದ ದೋಷಕ್ಕೆ ಒಳಗಾಗದೆ, ಆ ವ್ಯತ್ಯಾಸಗಳು ನುರಿತ ವ್ಯಕ್ತಿಗೆ ಸ್ವಯಂವೇದ್ಯವಾಗಿದ್ದವೇ ಎಂದು ತೀರ್ಮಾನಿಸುವುದು.

‘ಅಗ್ರಿಬೋರ್ಡ್ ಇಂಟರ್‌ನ್ಯಾಷನಲ್’ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2022ರಲ್ಲಿ ಪೇಟೆಂಟ್ ಕಚೇರಿಯ ಹೊಣೆಯನ್ನು ಸ್ಪಷ್ಟಪಡಿಸಿತು. ಆವಿಷ್ಕಾರಕ ಹೆಜ್ಜೆ ಇಲ್ಲವೆಂದು ಅರ್ಜಿಯನ್ನು ತಿರಸ್ಕರಿಸುವ ಅಧಿಕಾರಿಯು ಪೂರ್ವಜ್ಞಾನದಲ್ಲಿ ಏನಿತ್ತು, ಅರ್ಜಿಯಲ್ಲಿ ಏನಿದೆ, ಮೊದಲನೆಯದರಿಂದ ಎರಡನೆಯದು ನುರಿತ ವ್ಯಕ್ತಿಗೆ ಹೇಗೆ ಹೊಳೆಯುತ್ತಿತ್ತು ಎಂಬ ಮೂರನ್ನೂ ವಿವರಿಸಬೇಕು. ಹಳೆಯ ದಾಖಲೆಗಳನ್ನು ಹೆಸರಿಸಿ ‘ಆದ್ದರಿಂದ ಸ್ವಯಂವೇದ್ಯ’ ಎಂದು ಮುಗಿಸಿದರೆ ಸಾಲದು.

ಕಲ್ಪಿತ ಉದಾಹರಣೆ

ಪರೀಕ್ಷೆಯ ಕ್ರಮವನ್ನು ಅರಿಯಲು ಒಂದು ಕಲ್ಪಿತ ಅರ್ಜಿಯನ್ನು ನೋಡಬಹುದು. ದಾವಣಗೆರೆ ಜಿಲ್ಲೆಯ ಜಗಳೂರಿನಂತಹ ತಾಲ್ಲೂಕಿನಲ್ಲಿ ಹಳ್ಳಿಯಿಂದ ಹಳ್ಳಿಗೆ ಒಯ್ಯಲು, ಮೊಬೈಲ್ ಫೋನಿಗೆ ಜೋಡಿಸುವ ಅಕ್ಷಿಪಟಲದ ಕ್ಯಾಮೆರಾವನ್ನು ಒಬ್ಬರು ರೂಪಿಸಿದ್ದಾರೆ ಎಂದುಕೊಳ್ಳಬೇಕು. ಇಲ್ಲಿರುವ ಮುಖ್ಯ ತೊಡಕು ಹೊಳಪಿನದು. ಕಣ್ಣಿನೊಳಕ್ಕೆ ಬೆಳಕು ಬಿಟ್ಟಾಗ ಅದರ ಒಂದು ಭಾಗ ಕಾರ್ನಿಯಾಕ್ಕೆ ತಾಗಿ ಹಿಂದಿರುಗಿ, ಚಿತ್ರದಲ್ಲಿ ಬಿಳಿಯ ಕಲೆಯಾಗಿ ಬೀಳುತ್ತದೆ. ಅದರ ಹಿಂದಿರುವ ಅಕ್ಷಿಪಟಲ ಕಾಣುವುದಿಲ್ಲ.

ಆದ್ಯತಾ ದಿನಾಂಕಕ್ಕೆ ಮುಂಚೆ ಮೂರು ದಾಖಲೆಗಳಿದ್ದವು. ಮೊದಲನೆಯದು, ಆಸ್ಪತ್ರೆಯ ಮೇಜಿನ ಮೇಲಿಡುವ ದೊಡ್ಡ ಕ್ಯಾಮೆರಾದಲ್ಲಿ ಪರಸ್ಪರ ಲಂಬವಾಗಿರಿಸಿದ ಎರಡು ಪೋಲರೈಸರ್ ಫಿಲ್ಟರ್‌ಗಳಿಂದ ಈ ಹೊಳಪನ್ನು ತಡೆಯುವುದನ್ನು ವಿವರಿಸುತ್ತದೆ. ಎರಡನೆಯದು, ಫೋನಿಗೆ ಮಸೂರ ಜೋಡಿಸಿ ಅಕ್ಷಿಪಟಲವನ್ನು ನೋಡುವ ಸಾಧನವನ್ನು ವಿವರಿಸಿ, ಹೊಳಪಿನ ತೊಂದರೆ ಉಳಿದಿದೆ ಎನ್ನುತ್ತದೆ. ಮೂರನೆಯದು, ಕಣ್ಣು ಸದಾ ಅಲುಗುವುದರಿಂದ ಒಂದಾದ ಮೇಲೊಂದು ತೆಗೆದ ಚಿತ್ರಗಳನ್ನು ಕೂಡಿಸಿದರೆ ರೋಗದ ಗುರುತುಗಳು ಅಳಿಸಿಹೋಗುತ್ತವೆ, ಹಾಗೆ ಮಾಡಬಾರದು ಎಂದು ಎಚ್ಚರಿಸುವ ಪಠ್ಯ.

ಅರ್ಜಿಯ 1ನೇ ಕೋರಿಕೆ: ಫೋನು, ಮಸೂರ ಮತ್ತು ಲಂಬವಾಗಿರಿಸಿದ ಎರಡು ಪೋಲರೈಸರ್ ಫಿಲ್ಟರ್‌ಗಳುಳ್ಳ ಸಾಧನ. ಇದು ಒಂದೇ ದಾಖಲೆಯಲ್ಲಿ ಇಲ್ಲವಾದ್ದರಿಂದ ಹೊಸದು. ಆದರೆ ಎರಡನೆಯ ದಾಖಲೆ ತೊಂದರೆಯನ್ನು ಹೆಸರಿಸಿದೆ. ಮೊದಲನೆಯದು ಅದೇ ತೊಂದರೆಗೆ ಅದೇ ಕ್ಷೇತ್ರದಲ್ಲಿ ಪರಿಹಾರ ಹೇಳಿದೆ. ಫಿಲ್ಟರ್ ಇಲ್ಲಿಯೂ ತನ್ನ ಹಳೆಯ ಕೆಲಸವನ್ನೇ ಮಾಡುತ್ತದೆ. ಚಿಕ್ಕದಾಗಿಸುವಾಗ ಅನಿರೀಕ್ಷಿತ ತೊಡಕು ಎದುರಾಗಿ ಅದನ್ನು ಜಾಣ್ಮೆಯಿಂದ ದಾಟಿದ್ದಾರೆಂದು ತೋರಿಸದಿದ್ದರೆ, ಈ ಕೋರಿಕೆ ಸ್ವಯಂವೇದ್ಯ ಎನಿಸಿಕೊಳ್ಳುವ ಸಾಧ್ಯತೆಯೇ ಹೆಚ್ಚು.

2ನೇ ಕೋರಿಕೆ: ಫಿಲ್ಟರ್ ಇಲ್ಲದೆ, ಮಸೂರದ ಸುತ್ತ ಇರಿಸಿದ ನಾಲ್ಕು ಎಲ್‌ಇಡಿ ದೀಪಗಳನ್ನು ಒಂದೊಂದಾಗಿ ಬೆಳಗಿಸಿ ನಾಲ್ಕು ಚಿತ್ರಗಳನ್ನು ತೆಗೆಯುವುದು, ದೀಪ ಬದಲಾದಂತೆ ಹೊಳಪಿನ ಕಲೆಯೂ ಸ್ಥಳ ಬದಲಿಸುವುದರಿಂದ, ರಕ್ತನಾಳಗಳ ವಿನ್ಯಾಸವನ್ನು ಗುರುತಾಗಿಟ್ಟುಕೊಂಡು ಚಿತ್ರಗಳನ್ನು ಹೊಂದಿಸಿ, ಪ್ರತಿಯೊಂದರ ಶುದ್ಧ ಭಾಗದಿಂದ ಒಂದು ಪೂರ್ಣ ಚಿತ್ರ ಕಟ್ಟುವ ಸಾಧನ. ಪೋಲರೈಸರ್ ಬೆಳಕಿನ ಬಹುಭಾಗವನ್ನು ನುಂಗಿಬಿಡುವುದರಿಂದ ತೀಕ್ಷ್ಣವಾದ ದೀಪ ಬೇಕಾಗುತ್ತದೆ, ರೋಗಿಯ ಕಣ್ಣು ಕುಕ್ಕುತ್ತದೆ. ಈ ಸಾಧನ ಅದನ್ನು ತಪ್ಪಿಸುತ್ತದೆ. ಮೂರನೆಯ ದಾಖಲೆಯು ಈ ದಾರಿ ಬೇಡವೆಂದು ಹೇಳಿದ್ದರೂ ಅರ್ಜಿದಾರರು ಅದೇ ದಾರಿಯಲ್ಲಿ ಫಲ ಕಂಡಿದ್ದಾರೆ. ಇದು ಆವಿಷ್ಕಾರಕ ಹೆಜ್ಜೆಯ ಪರವಾದ ಬಲವಾದ ಸೂಚನೆ.

ಈಗ ವಿರೋಧಿಯೊಬ್ಬರು ನಾಲ್ಕನೆಯ ದಾಖಲೆಯನ್ನು ತಂದರೆ ಸ್ಥಿತಿ ಬದಲಾಗುತ್ತದೆ. ಅಕ್ಷಿಪಟಲದ ಬೇರೆ ಬೇರೆ ಭಾಗಗಳ ಚಿತ್ರಗಳನ್ನು ರಕ್ತನಾಳಗಳ ಗುರುತಿನಿಂದ ಹೊಂದಿಸಿ ವಿಶಾಲ ಚಿತ್ರ ಮಾಡುವ ವಿಧಾನ ಅದರಲ್ಲಿದೆ ಎಂದಿಟ್ಟುಕೊಂಡರೆ, ಹೊಂದಿಸುವ ತಂತ್ರ ಹೊಸದಲ್ಲವೆಂದಾಗುತ್ತದೆ. ಆಗಲೂ ಪ್ರಶ್ನೆ ಮುಗಿಯುವುದಿಲ್ಲ. ನುರಿತ ವ್ಯಕ್ತಿ ನಾಲ್ಕನೆಯ ದಾಖಲೆಯ ತಂತ್ರವನ್ನು ಹೊಳಪು ನಿವಾರಣೆಗೆ ಬಳಸಬಹುದಾಗಿತ್ತು ಎಂದಷ್ಟೇ ತೋರಿಸಿದರೆ ಸಾಲದು. ಮೂರನೆಯ ದಾಖಲೆಯ ಎಚ್ಚರಿಕೆ ಎದುರಿಗಿದ್ದರೂ ಯಾವ ಕಾರಣದಿಂದ ಹಾಗೆ ಬಳಸುತ್ತಿದ್ದನು ಎಂಬುದನ್ನು ತೋರಿಸಬೇಕಾಗುತ್ತದೆ. ಯುರೋಪಿನ ಪೇಟೆಂಟ್ ಕಚೇರಿಯ ಸಮಸ್ಯೆ-ಪರಿಹಾರ ಪದ್ಧತಿಯೂ ‘ಮಾಡಬಹುದಾಗಿತ್ತು’ ಮತ್ತು ‘ಮಾಡುತ್ತಿದ್ದನು’ ಎಂಬ ಈ ಭೇದಕ್ಕೆ ಒತ್ತು ನೀಡುತ್ತದೆ.

ಹಿನ್ನೋಟದ ದೋಷ

ಒಗಟಿನ ಉತ್ತರ ತಿಳಿದ ಮೇಲೆ ಒಗಟು ಸುಲಭವಾಗಿ ಕಾಣುವಂತೆ, ಆವಿಷ್ಕಾರವನ್ನು ಓದಿದ ಮೇಲೆ ಅದು ಯಾರಿಗಾದರೂ ಹೊಳೆಯುತ್ತಿತ್ತು ಎನಿಸುತ್ತದೆ. ಪರೀಕ್ಷಕನು ಅರ್ಜಿಯನ್ನು ಓದಿದ ನಂತರವೇ ಹಳೆಯ ದಾಖಲೆಗಳನ್ನು ಹುಡುಕುವುದರಿಂದ ಈ ದೋಷ ಪರೀಕ್ಷೆಯ ಕ್ರಮದಲ್ಲಿಯೇ ಅಡಗಿದೆ. ಅರ್ಜಿಯನ್ನೇ ನಕ್ಷೆಯಂತೆ ಹಿಡಿದು, ಅದರ ತುಣುಕುಗಳನ್ನು ಅಲ್ಲಲ್ಲಿ ಆರಿಸಿ ಜೋಡಿಸುವುದು ನ್ಯಾಯಸಮ್ಮತವಲ್ಲ ಎಂದು ಅನೇಕ ದೇಶಗಳ ನ್ಯಾಯಾಲಯಗಳು ಎಚ್ಚರಿಸಿವೆ.

ಸಿ.ಟಿ. ಸ್ಕ್ಯಾನರಿನ ಇತಿಹಾಸ ಇದಕ್ಕೆ ಒಳ್ಳೆಯ ನಿದರ್ಶನ. ಎಕ್ಸ್-ಕಿರಣವನ್ನು ರೋಂಟ್ಗೆನ್ 1895ರಲ್ಲಿ ಕಂಡುಹಿಡಿದರು. ರೇಖೆಗಳ ಗುಂಟ ದೊರೆತ ಮೊತ್ತಗಳಿಂದ ಒಳಗಿನ ಹಂಚಿಕೆಯನ್ನು ಮರಳಿ ಪಡೆಯುವ ಗಣಿತವನ್ನು ಯೋಹಾನ್ ರಾಡೋನ್ 1917ರಲ್ಲಿಯೇ ಪ್ರಕಟಿಸಿದ್ದರು. ಅಲನ್ ಕಾರ್ಮಾಕ್ 1963 ಮತ್ತು 1964ರಲ್ಲಿ ಇದೇ ಸಮಸ್ಯೆಯ ಬಗ್ಗೆ ಬರೆದ ಲೇಖನಗಳು ಹೆಚ್ಚಿನ ಗಮನ ಸೆಳೆಯಲಿಲ್ಲ. ಬ್ರಿಟನ್ನಿನ ಇಎಂಐ ಸಂಸ್ಥೆಯ ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ರೂಪಿಸಿದ ಯಂತ್ರದಲ್ಲಿ ಮೊದಲ ರೋಗಿಯ ಮೆದುಳಿನ ಚಿತ್ರ ತೆಗೆದದ್ದು 1971ರಲ್ಲಿ. ಕಾರ್ಮಾಕ್ ಮತ್ತು ಹೌನ್ಸ್‌ಫೀಲ್ಡ್ 1979ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಬಿಡಿಭಾಗಗಳು ಲೋಕದಲ್ಲಿವೆ ಎಂದ ಮಾತ್ರಕ್ಕೆ ಅವುಗಳ ಜೋಡಣೆ ಎಲ್ಲರಿಗೂ ಕಾಣುತ್ತಿತ್ತು ಎನ್ನಲಾಗದು ಎಂಬುದನ್ನು ಈ ದೀರ್ಘ ಅಂತರ ತೋರಿಸುತ್ತದೆ.

ಇತರ ದೇಶಗಳಲ್ಲಿ

ಅಮೆರಿಕದ ಸುಪ್ರೀಂ ಕೋರ್ಟ್ 1966ರ ‘ಗ್ರಹಾಂ ವಿರುದ್ಧ ಜಾನ್ ಡಿಯರ್’ ತೀರ್ಪಿನಲ್ಲಿ ಪರೀಕ್ಷೆಗೆ ಚೌಕಟ್ಟು ಹಾಕಿಕೊಟ್ಟಿತು. ವಿವಾದ ಕಲ್ಲುನೆಲದಲ್ಲಿ ಉಳುವ ನೇಗಿಲಿನದು. ಕಲ್ಲಿಗೆ ತಾಗಿದಾಗ ಮುರಿಯದೆ ಬಾಗುವಂತೆ ಅದರ ಭಾಗಗಳ ಸ್ಥಾನವನ್ನು ಅದಲುಬದಲು ಮಾಡಲಾಗಿತ್ತು. ಆ ಬದಲಾವಣೆ ನುರಿತವನಿಗೆ ಸ್ವಯಂವೇದ್ಯವೆಂದು ನ್ಯಾಯಾಲಯ ತೀರ್ಮಾನಿಸಿತು. 2007ರ ‘ಕೆಎಸ್‌ಆರ್ ವಿರುದ್ಧ ಟೆಲಿಫ್ಲೆಕ್ಸ್’ ತೀರ್ಪು, ಜೋಡಿಸಬೇಕೆಂಬ ಸೂಚನೆ ಹಳೆಯ ದಾಖಲೆಯಲ್ಲಿ ಬರೆದೇ ಇರಬೇಕೆಂಬ ಬಿಗಿಯಾದ ನಿಯಮವನ್ನು ಸಡಿಲಿಸಿ, ನುರಿತ ವ್ಯಕ್ತಿಗೂ ಸಾಮಾನ್ಯ ಸೃಜನಶೀಲತೆ ಇರುತ್ತದೆ ಎಂದಿತು. ಬ್ರಿಟನ್ನಿನಲ್ಲಿ 1985ರ ‘ವಿಂಡ್‌ಸರ್ಫಿಂಗ್’ ತೀರ್ಪು ನಾಲ್ಕು ಹಂತಗಳ ಪರೀಕ್ಷೆಯನ್ನು ನೀಡಿತು. ಹನ್ನೆರಡು ವರ್ಷದ ಬಾಲಕನೊಬ್ಬ 1958ರಲ್ಲಿ ಕಟ್ಟಿ ಬಹಿರಂಗವಾಗಿ ಬಳಸಿದ್ದ ಹಾಯಿಹಲಗೆಯೂ ಅಲ್ಲಿ ಪೂರ್ವಜ್ಞಾನವಾಗಿ ಪರಿಗಣಿತವಾಯಿತು.

ಇಮೇಜಿಂಗ್ ಕ್ಷೇತ್ರದ ಅತಿ ದೊಡ್ಡ ವ್ಯಾಜ್ಯಗಳಲ್ಲಿ ಒಂದು ‘ಪೋಲರಾಯ್ಡ್ ವಿರುದ್ಧ ಈಸ್ಟ್‌ಮನ್ ಕೊಡಾಕ್’. ತೆಗೆದ ಕೂಡಲೇ ಚಿತ್ರ ಮೂಡಿಸುವ ಕ್ಯಾಮೆರಾ ಮತ್ತು ಫಿಲ್ಮಿಗೆ ಸಂಬಂಧಿಸಿ ಪೋಲರಾಯ್ಡ್ 1976ರಲ್ಲಿ ದಾವೆ ಹೂಡಿತು. ಪೇಟೆಂಟುಗಳು ಸಿಂಧುವಲ್ಲವೆಂಬ ಕೊಡಾಕ್‌ನ ವಾದಗಳು ಏಳು ಪೇಟೆಂಟುಗಳ ಮಟ್ಟಿಗೆ ನಿಲ್ಲಲಿಲ್ಲ. 1986ರಲ್ಲಿ ಕೊಡಾಕ್ ಆ ವ್ಯಾಪಾರದಿಂದಲೇ ಹಿಂದೆ ಸರಿಯಿತು, 1991ರಲ್ಲಿ 92.5 ಕೋಟಿ ಡಾಲರುಗಳಿಗೆ ವ್ಯಾಜ್ಯ ಇತ್ಯರ್ಥವಾಯಿತು.

ಪೂರಕ ಸಾಕ್ಷ್ಯಗಳು

ಹಿನ್ನೋಟದ ದೋಷವನ್ನು ತಡೆಯಲು ನ್ಯಾಯಾಲಯಗಳು ಆ ಕಾಲದ ನೈಜ ಸಂಗತಿಗಳನ್ನೂ ಗಮನಿಸುತ್ತವೆ. ಬಹುಕಾಲದಿಂದ ಪರಿಹಾರಕ್ಕಾಗಿ ಕಾದಿದ್ದ ಅಗತ್ಯವಿತ್ತೇ, ಇತರರು ಯತ್ನಿಸಿ ಸೋತಿದ್ದರೇ, ಫಲಿತಾಂಶ ಅನಿರೀಕ್ಷಿತವಾಗಿತ್ತೇ, ಪ್ರತಿಸ್ಪರ್ಧಿಗಳು ನಕಲು ಮಾಡಿದರೇ ಎಂಬುವು ಅಂತಹ ಸಂಗತಿಗಳು. ಮಾರಾಟದ ಯಶಸ್ಸನ್ನು ಎಚ್ಚರಿಕೆಯಿಂದ ತೂಗಬೇಕಾಗುತ್ತದೆ. ಅದಕ್ಕೆ ಜಾಹೀರಾತು ಅಥವಾ ಬೆಲೆಯೂ ಕಾರಣವಿರಬಹುದು. ಇವು ತೀರ್ಮಾನಕ್ಕೆ ನೆರವಾಗುತ್ತವೆಯೇ ಹೊರತು ಮೂಲ ಪರೀಕ್ಷೆಯ ಸ್ಥಾನವನ್ನು ಆಕ್ರಮಿಸುವುದಿಲ್ಲ.

ಪ್ರಶ್ನೆ ಎಲ್ಲಿ ಎದ್ದೇಳುತ್ತದೆ

ಕರ್ನಾಟಕದ ಅರ್ಜಿದಾರರು ಚೆನ್ನೈನ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಬರುತ್ತಾರೆ. ಅರ್ಜಿ ಸಾಮಾನ್ಯವಾಗಿ 18 ತಿಂಗಳ ನಂತರ ಪ್ರಕಟವಾಗುತ್ತದೆ. ಪೇಟೆಂಟ್ ಮಂಜೂರಾಗುವ ಮುನ್ನ ಯಾವ ವ್ಯಕ್ತಿಯಾದರೂ 25(1) ವಿಧಿಯಡಿ ವಿರೋಧ ಸಲ್ಲಿಸಬಹುದು; ಮಂಜೂರಾದುದು ಪ್ರಕಟವಾದ ಒಂದು ವರ್ಷದೊಳಗೆ ಹಿತಾಸಕ್ತಿಯುಳ್ಳವರು 25(2)ರಡಿ ವಿರೋಧಿಸಬಹುದು. ನಂತರವೂ 64ನೇ ವಿಧಿಯಡಿ ಪೇಟೆಂಟನ್ನು ರದ್ದುಪಡಿಸುವಂತೆ ಕೋರಲು ಅವಕಾಶವಿದೆ. ಸ್ವಯಂವೇದ್ಯತೆ ಈ ಮೂರರಲ್ಲಿಯೂ ಒಪ್ಪಿತವಾದ ಆಧಾರ. ಬೌದ್ಧಿಕ ಸ್ವತ್ತು ಮೇಲ್ಮನವಿ ಮಂಡಳಿಯು 2021ರಲ್ಲಿ ರದ್ದಾದ ಮೇಲೆ, ಪೇಟೆಂಟ್ ಕಚೇರಿಯ ಆದೇಶಗಳ ವಿರುದ್ಧದ ಮೇಲ್ಮನವಿಗಳು ಹೈಕೋರ್ಟುಗಳಿಗೆ ಹೋಗುತ್ತವೆ. ಪೇಟೆಂಟ್ ಉಲ್ಲಂಘನೆಯ ದಾವೆಯನ್ನು ಜಿಲ್ಲಾ ನ್ಯಾಯಾಲಯಕ್ಕಿಂತ ಕೆಳಗೆ ಹೂಡುವಂತಿಲ್ಲ. ಪ್ರತಿವಾದಿಯು ಪೇಟೆಂಟನ್ನೇ ರದ್ದುಪಡಿಸಬೇಕೆಂದು ಪ್ರತಿದಾವೆ ಹೂಡಿದರೆ ಪ್ರಕರಣ ಹೈಕೋರ್ಟಿಗೆ ವರ್ಗವಾಗುತ್ತದೆ.

ಸಂಶೋಧಕರ ಸ್ವಂತ ಪ್ರಕಟಣೆಯೂ ಅವರ ವಿರುದ್ಧ ಪೂರ್ವಜ್ಞಾನವಾಗಬಹುದು. ಕೇಂದ್ರ ಸರ್ಕಾರ ಅಧಿಸೂಚಿಸಿದ ಪ್ರದರ್ಶನದಲ್ಲಿ ತೋರಿಸಿದ್ದರೆ ಅಥವಾ ವಿದ್ವತ್ ಸಂಘದ ಮುಂದೆ ಪ್ರಬಂಧ ಓದಿದ್ದರೆ, 12 ತಿಂಗಳೊಳಗೆ ಅರ್ಜಿ ಸಲ್ಲಿಸುವವರಿಗೆ 31ನೇ ವಿಧಿಯು ರಕ್ಷಣೆ ನೀಡುತ್ತದೆ. ಶಾಲಾ ಕಾಲೇಜುಗಳ ಸಾಮಾನ್ಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ಈ ರಕ್ಷಣೆ ತಾನಾಗಿ ಅನ್ವಯಿಸುವುದಿಲ್ಲ. ಆದ್ದರಿಂದ ಪೇಟೆಂಟ್ ಬಯಸುವ ವಿದ್ಯಾರ್ಥಿಗಳು ತಮ್ಮ ಸಾಧನವನ್ನು ಬಹಿರಂಗಪಡಿಸುವ ಮೊದಲೇ ಅರ್ಜಿ ಸಲ್ಲಿಸುವುದು ಸುರಕ್ಷಿತ. ಸಂಪೂರ್ಣ ವಿವರಗಳು ಸಿದ್ಧವಾಗಿಲ್ಲದಿದ್ದರೆ ಮೊದಲು ತಾತ್ಕಾಲಿಕ ವಿವರಣೆಯೊಂದಿಗೆ ಅರ್ಜಿ ಹಾಕಿ, 12 ತಿಂಗಳೊಳಗೆ ಪೂರ್ಣ ವಿವರಣೆಯನ್ನು ಸಲ್ಲಿಸಲು ಕಾನೂನಿನಲ್ಲಿ ಅವಕಾಶವಿದೆ.